ನಮ್ಮ ಕೇರಿ, ಹತ್ತು ಫೋಟೋ: ಹುಕ್ಕೇರಿ ಮನಿಗಳ ಇತಿಹಾಸ

1/10: ಗುಮ್ಮಟದ ಮುಂದಿನ ಮಾಳಿಗಿ

ಹುಕ್ಕೇರಿ ಅಂತ ಸರ್ಚ್ ಕೊಟ್ರ ಮೊದಲ ಬರೋದು ಗುಮ್ಮಟದ ಫೋಟೋ. ಬರಲಿ, ತಪ್ಪೇನಿಲ್ಲ. 16ನೇ ಶತಮಾನದ ಆದಿಲಶಾಹಿ ಕಾಲದ ಗುಮ್ಮಟ ಅವು. ವಿಜಯಪುರದ ಗೋಲಗುಮ್ಮಟದ ಕೆಲಸ ಮುಗಿದದ್ದು 1656ರಲ್ಲಿ. ಅದಕ್ಕಿಂತ ಮೊದಲ ನಮ್ಮೂರಾಗ ಗುಮ್ಮಟ ಎದ್ದಿದ್ದವು ಅನ್ನೋದು ಹೆಮ್ಮೆ ಪಡೋ ಮಾತ.

ಆದ್ರ ಈ ಫೋಟೋದಾಗ ಗುಮ್ಮಟ ಹಿಂದ ಸಣ್ಣಗ ಐತಿ, ಸ್ವಲ್ಪ ಮಸಕ್ ಸೈತ ಐತಿ. ಬೇಕಂತನ ಹಂಗ ತಗದೀನಿ. ಫೋಕಸ್ ಇರೋದು ಮುಂದಿನ ಮಾಳಿಗಿಗಳ ಮ್ಯಾಲ. ಒಂದು ಮಣ್ಣಿನ ಮಾಳಿಗಿ, ಅದರ ಮಗ್ಗಲಕ ಹಂಚಿನ ಮನಿ, ಅದರಾಚೆ ಪ್ಲಾಸ್ಟಿಕ್ ನೀರಿನ ಟಾಕಿ ಹೊತ್ಕೊಂಡ ಸ್ಲ್ಯಾಬಿನ ಮನಿ. ಮೂರು ಮನಿ, ಮೂರು ಕಾಲ, ಒಂದ ಓಣಿ.

ನಮ್ಮೂರಿನ ಹೆಸರು ‘ಹೂವಿನ ಕೇರಿ’ ಅನ್ನೋದ್ರಿಂದ ಬಂತು, ಇಲ್ಲಿಯ ಗುಲಾಬಿ ವಿಜಯಪುರದ ಸುಲ್ತಾನರಿಗೆ ಹೋಗ್ತಿತ್ತು ಅಂತ ಹಿರ್ಯಾರು ಹೇಳ್ತಾರ. ಹೂವಿನ ಕಥಿ ಎಲ್ಲಾರೂ ಹೇಳ್ತಾರ, ಕೇರಿ ಅನ್ನೋ ಶಬ್ದನ್ನ ಯಾರೂ ಹಿಡ್ಯಾಂಗಿಲ್ಲ. ಕೇರಿ ಅಂದ್ರ ಮನಿಗಳ ಸಾಲು. ಅಂದ್ರ ಆ ಕಥಿ ಪ್ರಕಾರ ನಮ್ಮೂರ ಹೆಸರಿನ್ಯಾಗ ಇರೋದು ಕೋಟೆ ಅಲ್ಲ, ಅರಮನೆ ಅಲ್ಲ, ಜನ ಇರೋ ಓಣಿ.

ಗುಮ್ಮಟದಂಥಾ ಕಟ್ಟಡ ಉಳಿಸಾಕ ಕಾಯ್ದೆ ಅದಾವ. 1958ರದ್ದು ಕೇಂದ್ರದ ಪ್ರಾಚೀನ ಸ್ಮಾರಕಗಳ ಕಾಯ್ದೆ, 1961ರದ್ದು ನಮ್ಮ ರಾಜ್ಯದ್ದು. ಆದ್ರ ಮಾಸ್ತರರೊಬ್ಬರ ಹಳೇ ಮನಿ, ಒಂದು ಕಿರಾಣಿ ಅಂಗಡಿ ಹಲಗಿ ಬಾಗಲಾ, ಒಂದು ದನದ ಕೊಟ್ಟಿಗಿ, ಇವಕ್ಕ ಯಾವ ಬೋರ್ಡೂ ಇಲ್ಲ. ಜೆಸಿಬಿ ಬಂದ್ರ ಮುಂಜಾನೆ ಇದ್ದದ್ದು ಸಂಜಿಕ್ ಇರಾಂಗಿಲ್ಲ. ಅದಕ್ಕ ಈ ಸೀರೀಸ್. ಹತ್ತು ಫೋಟೋ, ಹತ್ತು ಕ್ಯಾಪ್ಷನ್. ಉದ್ದ ಅದಾವ, ಸೇವ್ ಮಾಡಿ ಬಸ್ಸಿನ್ಯಾಗ ಓದ್ರಿ.

2/10: ಕ್ಯಾಮೆರಾ ಮೊದಲ ಏನ್ ನೋಡ್ತು?

ನಮ್ಮ ಭಾಗದ ಕಟ್ಟಡಗಳ ಫೋಟೋ ತಗಿಯೋದು ಮೊಬೈಲ್ ಕಾಲದ ಚಾಳಿ ಅಂತ ತಿಳ್ಕೋಬ್ಯಾಡ್ರಿ. 1866ರಲ್ಲಿ ಲಂಡನ್ನಿನಿಂದ ‘ಆರ್ಕಿಟೆಕ್ಚರ್ ಇನ್ ಧಾರವಾಡ ಆ್ಯಂಡ್ ಮೈಸೂರ್’ ಅನ್ನೋ ದೊಡ್ಡ ಪುಸ್ತಕ ಬಂತು. ಫೋಟೋ ತೆಗೆದವರು ಮೂರು ಮಂದಿ: ಡಾಕ್ಟರ್ ಪಿಗೌ, ಎ.ಸಿ.ಬಿ. ನೀಲ್, ಕರ್ನಲ್ ಬಿಗ್ಸ್. ಬರವಣಿಗೆ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯೂಸನ್ ಅವರದ್ದು. ಆಮೇಲೆ ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್ ಬಂದರು. ವಿಜಯಪುರದ ಕಟ್ಟಡಗಳ ಮೇಲಿನ ಅವರ ಪುಸ್ತಕ 1916ರದ್ದು, ಚಾಲುಕ್ಯ ಗುಡಿಗಳ ಮೇಲಿನದ್ದು 1926ರದ್ದು.

ಇವರೆಲ್ಲ ಮಾಡಿದ್ದು ಭಾರಿ ಕೆಲಸ. ಆಗ ಒಂದು ಫೋಟೋ ಅಂದ್ರ ದೊಡ್ಡ ಪೆಟ್ಟಿಗಿ, ಮೂರು ಕಾಲಿನ ಸ್ಟ್ಯಾಂಡು, ಔಷಧ ಬಾಟಲಿ, ಇವನ್ನೆಲ್ಲ ಹೊರಾಕ ಆಳು. ಅಷ್ಟ ಖರ್ಚು ಮಾಡಿ ಯಾರು ನಮ್ಮ ನಿಮ್ಮ ಮನಿ ಬಾಗಲಾ ತಗೀತಾರ? ಗುಡಿ, ಮಸೀದಿ, ಗೋರಿ ತಗದ್ರು. ಮನಿ ಬಂದ್ರ ಫೋಟೋದ ಮೂಲ್ಯಾಗ, ಅದೂ ಅಕಸ್ಮಾತ್ ಬಂದದ್ದು.

ಬ್ಯಾರೆ ಕಡೆನೂ ಮನಿಗಳ ಕಡೆ ಕ್ಯಾಮೆರಾ ತಿರುಗಿದ್ದು ಅವು ಹೋಗಾಕ ಹತ್ತಿದ ಮ್ಯಾಲನ. ಲಂಡನ್ನಿನ್ಯಾಗ 1875ರಲ್ಲಿ ಆಕ್ಸ್‌ಫರ್ಡ್ ಆರ್ಮ್ಸ್ ಅನ್ನೋ ಹಳೇ ವಸತಿಗೃಹ ಕೆಡವೋದು ಗೊತ್ತಾದಾಗ ಕೆಲವರು ಸೇರಿ ಒಂದು ಸಂಘ ಮಾಡಿ ಹಳೇ ಲಂಡನ್ನಿನ ಫೋಟೋ ತಗಿಸಿದ್ರು. ಪ್ಯಾರಿಸ್‌ನ್ಯಾಗ ಯುಜೀನ್ ಅಟ್ಜೆ ಅನ್ನೋರು 1890ರ ದಶಕದಿಂದ 1927ರಲ್ಲಿ ಸಾಯೋತನಕ ಬಾಗಲಾ, ಮೆಟ್ಟಲ, ಅಂಗಡಿ, ಅಂಗಳ ಅಂತ ಸಾವಿರಾರು ಫೋಟೋ ತಗದ್ರು. ನಮ್ಮಲ್ಲಿ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ ದಿನದ ಬದುಕನ್ನ ಕಪ್ಪು ಬಿಳುಪಿನ್ಯಾಗ ಹಿಡದ್ರು.

ಈಗ ನಮ್ಮ ಕಿಸೇದಾಗ ಕ್ಯಾಮೆರಾ ಐತಿ. ಒಂದು ಕ್ಲಿಕ್ಕಿನ ಖರ್ಚು ಸೊನ್ನೆ. ಅಂದ ಮ್ಯಾಲ ಪಿಗೌ ಸಾಹೇಬ್ರು ಬಿಟ್ಟದ್ದನ್ನ ನಾವು ತಗೀಬಹುದಲ್ಲ?

3/10: ಮಣ್ಣಿನ ಗೋಡಿ

ಈ ಫೋಟೋ ನಮ್ಮದ ಮನಿ. ಗೋಡಿ ಎಷ್ಟ ದಪ್ಪ ಅಂದ್ರ ಕಿಡಕಿ ಕಟ್ಟಿ ಮ್ಯಾಲ ನಾ ಕಾಲ ಮಡಚಿ ಕುಂತು ಓದ್ತೀನಿ. ಕೆಳಗ ಕಲ್ಲು, ಮ್ಯಾಲ ಮಣ್ಣು. ದಪ್ಪ ಗೋಡಿ ಹಗಲಿನ ಬಿಸಲ್ನ ನಿಧಾನಕ್ಕ ಹೀರಿ ರಾತ್ರಿ ನಿಧಾನಕ್ಕ ಬಿಡ್ತೈತಿ. ಅದಕ್ಕ ಏಪ್ರಿಲ್‌ದಾಗ ಮಧ್ಯಾಹ್ನ ಎರಡಕ್ಕೂ ಒಳಗ ತಂಪು.

ಮ್ಯಾಲ ನೋಡ್ರಿ. ಕಂಬದ ಮ್ಯಾಲ ತೊಲಿ, ತೊಲಿ ಮ್ಯಾಲ ಜಂತಿ, ಜಂತಿ ಮ್ಯಾಲ ಕಟಗಿ ಚಕ್ಕಿ, ಅದರ ಮ್ಯಾಲ ಮಣ್ಣು. ಇದ ಮೇಲ್ಮುದ್ದಿ. ಪ್ರತಿ ವರ್ಷ ಮಳಿಗಾಲಕ್ಕ ಮೊದಲ ಕರಲು ಮಣ್ಣು ತಂದು ಹಾಸ್ತಿದ್ರು. ಹೊಲಕ್ಕ ಕರಲು ಶಾಪ, ಮಾಳಿಗಿಗೆ ವರ. ಯಾಕಂದ್ರ ಅದರಾಗಿನ ಉಪ್ಪಿನ ಗುಣಕ್ಕ ಮಣ್ಣಿನ ಕಣ ನೀರು ಬಿದ್ದ ಕೂಡ್ಲೆ ಬಿಚ್ಕೊಂಡು ಸಂದಿ ಮುಚ್ಚತಾವ, ನೀರು ಕೆಳಗ ಇಳಿಯಾಂಗಿಲ್ಲ. ಹೊಲದಾಗ ಬೆಳಿ ಕೊಲ್ಲೋ ಗುಣನ ಮನಿ ಕಾಯ್ತಿತ್ತು.

ಇನ್ನೊಂದ ಮಾತ. ಬೆಳಗಾವಿ ಜಿಲ್ಲಾದಾಗ ಖಾನಾಪುರದ ಕಡೆ ಮಳಿ ಭಾಳ, ಅಥಣಿ ಕಡೆ ಕಡಿಮಿ. ಭಾಳ ಮಳಿ ಇದ್ದಲ್ಲಿ ಇಳಿಜಾರಿನ ಹಂಚು, ಕಡಿಮಿ ಇದ್ದಲ್ಲಿ ಸಪಾಟ ಮಣ್ಣಿನ ಮಾಳಿಗಿ. ನಮ್ಮ ತಾಲೂಕು ಇವೆರಡರ ನಡುವ ಐತಿ. ಅದಕ್ಕ ಒಂದ ಓಣ್ಯಾಗ ಎರಡೂ ಸಿಗ್ತಾವ. ಮಳಿ ನಕಾಶಿ ಓದಾಕ ಪುಸ್ತಕ ಬ್ಯಾಡ, ಮಾಳಿಗಿ ನೋಡಿದ್ರ ಸಾಕು.

ಇಷ್ಟೆಲ್ಲಾ ಹೊಗಳಿ ಆಯಿ ಮುಂದ ಓದಿ ಹೇಳಿದೆ. ಆಯಿ ಅಂದಳು: “ಫೋಟೋ ತಗಿಯಾವ ನೀನು, ಸಗಣಿ ಬಳಿಯಾಕಿ ನಾನು. ಮಳ್ಯಾಗ ಸೋರೋ ಕಡೆ ಬುಟ್ಟಿ ಇಡಾಕಿ ನಾನು.” ಆಕಿ ಮಾತ ಈ ಸೀರೀಸ್ ಪೂರ್ತಿ ನೆನಪಿಡ್ರಿ.

ಬರೋ ಯುಗಾದಿ ಆದ ಮ್ಯಾಲ ಈ ಮನಿ ಕೆಡವ್ತಾರ. ಅಪ್ಪ, ಇಬ್ಬರು ಕಾಕಾಗೋಳು, ಮೂರು ಪಾಲು. ಜಗಳ ಇಲ್ಲ, ಎಲ್ಲಾರೂ ಒಪ್ಪ್ಯಾರ.

4/10: ಹಂಚಿನ ಬೆನ್ನ ಮ್ಯಾಲಿನ ಅಕ್ಷರ

ಹಿತ್ತಲದಾಗ ಒಡದ ಹಂಚು ಬಿದ್ದಿದ್ರ ತಿರುವಿ ನೋಡ್ರಿ. ಕಾರ್ಖಾನಿ ಹೆಸರು, ಊರು ಇರ್ತಾವ. ಬ್ರ್ಯಾಂಡಿಂಗ್ ಅಂತ ಮಾರ್ಕೆಟಿಂಗ್ ಪೇಪರ್‌ದಾಗ ಓದತೀವಲ್ಲ, ಅದನ್ನ ಮಣ್ಣಿನ ಮ್ಯಾಲ ಅಚ್ಚ ಒತ್ತಿ ಮಾಡ್ಯಾರ.

ಈ ಹಂಚಿನ ಕಥಿ ಮಂಗಳೂರಿನದು. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಶುರುವಾಯಿತು. ಜಾರ್ಜ್ ಪ್ಲೆಬ್ಸ್ಟ್ ಅನ್ನೋ ಮಿಶನರಿ ಅದನ್ನ ಕಟ್ಟಿದವರು. ಅಲ್ಲಿಯ ನದಿ ದಂಡಿ ಜೇಡಿಮಣ್ಣು, ಯುರೋಪಿನ ಅಚ್ಚು. ಒಂದು ಹಂಚಿನ ಅಂಚು ಇನ್ನೊಂದರ ಗಾಡಿಯೊಳಗ ಕೂಡೋ ಹಂಗ ಮಾಡಿದ್ರು. ಅದಕ್ಕಿಂತ ಮೊದಲು ಇದ್ದದ್ದು ಕುಂಬಾರರು ತಿಗರಿ ಮ್ಯಾಲ ಮಾಡಿ ಸೀಳಿದ ನಾಡಹಂಚು. ನಾಡಹಂಚು ಸಣ್ಣದು. ಒಂದರ ಮ್ಯಾಲ ಒಂದು ದಟ್ಟ ಹೊಚ್ಚಬೇಕು, ಮಂಗ್ಯಾ ಜಿಗದ್ರ ಸರೀತಾವ, ವರ್ಷಾ ಕೈಯಾಡಿಸಬೇಕು. ಮಂಗಳೂರು ಹಂಚು ದೊಡ್ಡದು. ಕಡಿಮಿ ಹಂಚಿಗೆ ಹೆಚ್ಚು ಜಾಗ ಮುಚ್ಚತೈತಿ, ಒಂದಕ್ಕೊಂದು ಹಿಡ್ಕೊಂಡಿರ್ತೈತಿ.

ಇಂಥಾ ಭಾರದ ಸಾಮಾನು ದೂರ ಹೋಗಬೇಕಾದ್ರ ಹಡಗು ಬೇಕು, ರೈಲು ಬೇಕು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ನಮ್ಮ ಭಾಗದಾಗ ಹಳಿ ಹಾಕಿತು. ಗೋಕಾಕ ರೋಡ್, ಘಟಪ್ರಭಾ ಸ್ಟೇಷನ್ ಇರೋದು ಅದೇ ದಾರಿ ಮ್ಯಾಲ. ಅದೇ ದಶಕದಾಗ ಗೋಕಾಕ ಫಾಲ್ಸ್ ಹತ್ತಿರ ಹತ್ತಿ ಗಿರಣಿನೂ ಎದ್ದಿತು. ಅಂದ್ರ ನಮ್ಮ ಓಣ್ಯಾಗಿನ ಒಂದು ಹಂಚು ನೇತ್ರಾವತಿ ದಂಡಿ ಮಣ್ಣು, ಸ್ವಿಟ್ಜರ್ಲ್ಯಾಂಡಿನ ಮಿಶನ್, ರೈಲಿನ ಹಳಿ, ಎಲ್ಲಾ ಜೋಡಿಸ್ತೈತಿ.

ಹಂಚು ಬಂದದ್ದರಿಂದ ಕುಂಬಾರ ಓಣ್ಯಾಗ ಏನಾತು ಅನ್ನೋದನ್ನೂ ಯೋಚನೆ ಮಾಡ್ರಿ. ಒಂದು ಊರಿಗೆ ಹೊಸ ಮಾಳಿಗಿ ಬಂತು ಅಂದ್ರ ಇನ್ನೊಬ್ಬರ ತಿಗರಿ ನಿಂತಿತು. ಲಾಭದ ಲೆಕ್ಕ ಬರೆಯೋವಾಗ ಆ ಸಾಲನ್ನೂ ಬರೀಬೇಕು.

5/10: ಕಟ್ಟಿ, ಹೊಸ್ತಲ, ಮತ್ತ ಯಾರ ಕೇರಿ?

ಕಟ್ಟಿ ಫೋಟೋ ಹಾಕಿದ್ರ ಲೈಕ್ ಜಾಸ್ತಿ ಬರ್ತಾವ. ಮುತ್ಯಾ ಕುಂತಿರ್ತಾನ, ಎಲಿ ಅಡಕಿ ಚೀಲ, ಸಂಜಿ ಬಿಸಲು. ಚಂದ ಕಾಣತೈತಿ. ಕಟ್ಟಿ ಖರೇನ ಚಂದದ ಐಡಿಯಾ. ಮನಿನೂ ಅಲ್ಲ, ರಸ್ತೆನೂ ಅಲ್ಲ. ಹಾದು ಹೋಗಾವ ಕುಂದರಬಹುದು, ಒಳಗ ಕರೀಬೇಕಂತಿಲ್ಲ. ದೊಡ್ಡ ಊರಿನ ಅಪಾರ್ಟ್‌ಮೆಂಟ್‌ದಾಗ ಇಂಥಾ ಜಾಗ ಹುಡುಕಿದ್ರೂ ಸಿಗಾಂಗಿಲ್ಲ.

ಆದ್ರ ಫೋಟೋದಾಗ ಕಾಣದ್ದನ್ನೂ ಕೇಳಬೇಕು. ಕಟ್ಟಿ ಮ್ಯಾಲ ಕುಂದರತಿದ್ದವರು ಯಾರು? ಗಂಡಸರು. ಪಡಸಾಲ್ಯಾಗ ಯಾರು? ಬಂದ ಬೀಗರು. ಒಳಗ, ಹೊಗಿ ಹಿಡದ ಅಡಗಿ ಮನ್ಯಾಗ ಯಾರು? ಹಳೇ ಮನಿ ನಕಾಶಿ ಅಂದ್ರ ಯಾರು ಎಲ್ಲಿತನಕ ಬರಬಹುದು ಅನ್ನೋ ನಿಯಮದ ಪಟ್ಟಿ. ಒಳಗ ಹೋದಂಗ ಬೆಳಕು ಕಡಿಮಿ ಆಕ್ಕೋತ ಹೋಗ್ತೈತಿ, ಮತ್ತ ದಿನಾ ಪೂರ್ತಿ ಆ ಕತ್ತಲ್ಯಾಗ ಕೆಲಸ ಮಾಡಿದವರು ಹೆಣ್ಮಕ್ಕಳು.

ಕೇರಿ ಅನ್ನೋ ಶಬ್ದಕ್ಕೂ ಎರಡು ಮುಖ ಅದಾವ. ಒಂದು, ಮನಿ ಸಾಲು. ಇನ್ನೊಂದು, ಊರ ಅಗಸಿ ಹೊರಗ ದೂರ ಇಟ್ಟವರ ಕೇರಿ. ದಪ್ಪ ಗೋಡಿ, ಕೆತ್ತಿದ ಚೌಕಟ್ಟು, ದೊಡ್ಡ ಕಂಬ ಇವು ಹೊಲ ಇದ್ದವರ ಮನಿ. ಹೊಲ ಇಲ್ಲದವರ ಮನಿ ಸಣ್ಣ ಗೋಡಿ, ಗುಡಸಲ ಮಾಳಿಗಿ. ಅವು ಮೊದಲ ಬಿದ್ದವು, ಮೊದಲ ಮರತವು. ಹಂಗಾಗಿ ‘ನಮ್ಮ ಹಳೇ ಮನಿಗಳು’ ಅಂತ ಪುಸ್ತಕದಾಗ ಉಳಿಯೋದು ಶ್ರೀಮಂತರ ಮನಿ ಫೋಟೋ ಅಷ್ಟ.

ಅದಕ್ಕ ನಾ ಒಂದು ನಿಯಮ ಹಾಕ್ಕೊಂಡೀನಿ. ಒಂದು ಕೆತ್ತನೆ ಬಾಗಲಾ ತಗದ್ರ, ಒಂದು ತಗಡಿನ ಬಾಗಲಾನೂ ತಗೀಬೇಕು. ಈ ಪೋಸ್ಟಿನ ಎರಡನೇ ಫೋಟೋ ಅದ. ಸ್ವೈಪ್ ಮಾಡ್ರಿ.

6/10: ನೀರಿನ ಕೆಳಗಿನ ಓಣಿ

ಇದು ನಮ್ಮ ಓಣಿ ಅಲ್ಲ, ಆದ್ರ ನಮ್ಮ ತಾಲೂಕು. ಹಿಡಕಲ್ ಡ್ಯಾಮ್. ಘಟಪ್ರಭಾ ನದಿಗೆ ಕಟ್ಟಿದ್ದು, ಸುಮಾರು 51 ಟಿಎಂಸಿ ನೀರು ಹಿಡಿಯೋ ಜಲಾಶಯ, 1970ರ ದಶಕದಾಗ ಕೆಲಸ ಮುಗೀತು. ಇದಕ್ಕ ರಾಜಾ ಲಖಮಗೌಡರ ಹೆಸರು. ಅವರು ವಂಟಮುರಿಯ ದೇಸಾಯರು. ಬೆಳಗಾವಿಯ ಆರ್.ಎಲ್.ಎಸ್. ಕಾಲೇಜಿನ ಹೆಸರಿನ್ಯಾಗಿನ ಆರ್ ಮತ್ತು ಎಲ್ ಕೂಡ ಅವರ.

ಈ ನೀರಿನಿಂದ ನಮ್ಮ ಜಿಲ್ಲಾ, ಪಕ್ಕದ ಜಿಲ್ಲಾ ಎರಡರಾಗೂ ಕಬ್ಬು ಬೆಳೀತು, ಕುಡಿಯಾಕ ನೀರು ಸಿಕ್ತು. ಆದ್ರ ಡ್ಯಾಮ್ ತುಂಬಿದಾಗ ಹಳ್ಳಿ ಮುಳಗಿದವು. ಹುನ್ನೂರಿನ ವಿಠ್ಠಲ ಗುಡಿ ಗೊತ್ತಿರಬೇಕು. ಬ್ಯಾಸಗ್ಯಾಗ ನೀರು ಭಾಳ ಇಳದ್ರ ಕಲ್ಲಿನ ಗುಡಿ ಮತ್ತ ಕಾಣತೈತಿ. ಆಗ ಎಲ್ಲಾರೂ ಬೈಕ್ ಹಾಕ್ಕೊಂಡು ಹೋಗ್ತೀವಿ, ರೀಲ್ಸ್ ಮಾಡ್ತೀವಿ.

ನಾ ಹೋದಾಗ ಗುಡಿಗೆ ಬೆನ್ನು ಮಾಡಿ ನಿಂತು ಎದುರಿನ ಬಯಲು ತಗದೆ. ಈ ಫೋಟೋ ಅದ. ಏನೂ ಇಲ್ಲ, ಬಿರುಕು ಬಿಟ್ಟ ಕೆಸರು. ಗುಡಿ ಇದ್ದಲ್ಲಿ ಊರು ಇರಬೇಕಲ್ಲ? ಊರಿತ್ತು ಅಂದ್ರ ಕಟ್ಟಿ ಇರಬೇಕು, ಒಲಿ ಇರಬೇಕು, ದನ ಕಟ್ಟೋ ಗ್ವಾದ್ಲಿ ಇರಬೇಕು. ಕಲ್ಲಿನ ಗುಡಿ ವರ್ಷಗಟ್ಟಲೆ ನೀರಾಗ ಇದ್ದೂ ಎದ್ದು ಬರ್ತೈತಿ. ಮಣ್ಣಿನ ಗೋಡಿ ನೀರಿನ್ಯಾಗ ಕರಗಿ ಮತ್ತ ಮಣ್ಣಾಗತೈತಿ.

ಇತಿಹಾಸ ಅಂದ್ರ ರಾಜರದು, ದೇವರದು ಅಂತ ನಮಗ ಯಾಕ ಅನಸ್ತೈತಿ ಅನ್ನೋದಕ್ಕ ನನಗ ಇಲ್ಲಿ ಉತ್ತರ ಸಿಕ್ತು. ಅವರು ಹೆಚ್ಚು ಬದುಕಿದ್ರು ಅಂತ ಅಲ್ಲ. ಅವರ ಕಟ್ಟಡ ಕಲ್ಲಿಂದು ಇತ್ತು, ಅಷ್ಟ. ಉಳಿದವರ ಕಟ್ಟಡ ಉಳೀಬೇಕಂದ್ರ ಕಾಗದದ ಮ್ಯಾಲ, ಫೋಟೋದ ಮ್ಯಾಲ ಉಳೀಬೇಕು.

7/10: ದೀಪದ ಗೂಡು, ಕರೆಂಟಿನ ಮೀಟರ್

ಈ ಫೋಟೋದಾಗ ಒಂದ ಗೋಡಿ ಮ್ಯಾಲ ಎರಡು ಸಾಮಾನ ಅದಾವ. ಎಡಕ್ಕ ಗೋಡ್ಯಾಗ ಕೊರದ ಸಣ್ಣ ಗೂಡು, ಮ್ಯಾಲ ಮಸಿ ಹಿಡದೈತಿ. ಚಿಮಣಿ ಇಡ್ತಿದ್ದ ಜಾಗ. ಬಲಕ್ಕ ಕಟಗಿ ಹಲಗಿ ಮ್ಯಾಲ ಹಳೇ ಕರಿ ಸ್ವಿಚ್ಚು. ನಡುವ ಒಂದು ಗೇಣು ಜಾಗ. ಆ ಗೇಣಿನ್ಯಾಗ ನಮ್ಮ ತಾಲೂಕಿನ ದೊಡ್ಡ ಇತಿಹಾಸ ಐತಿ.

ಬಿಕಾಂ ದೋಸ್ತರ, ಕೋ-ಆಪರೇಟಿವ್ ಅಂದ್ರ ನೀವು ಸಾಲದ ಸೊಸೈಟಿ, ಹಾಲಿನ ಡೇರಿ, ಸಕ್ಕರಿ ಕಾರ್ಖಾನಿ ಅಂತೀರಿ. ಆದ್ರ ಕರೆಂಟಿಗೆ ಸಹಕಾರಿ ಸಂಘ? 1969ರಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಶುರುವಾಯಿತು. ದೇಶದಾಗ ಪ್ರಯೋಗ ಅಂತ ಮೊದಲು ಐದು ಕಡೆ ಇಂಥಾ ಸಂಘ ಮಾಡಿದ್ರು: ಆಂಧ್ರದ ಸಿರಿಸಿಲ್ಲಾ (ಈಗ ತೆಲಂಗಾಣ), ಗುಜರಾತಿನ ಕೊಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ, ಮತ್ತ ನಮ್ಮ ಹುಕ್ಕೇರಿ. ಗ್ರಾಹಕನೂ ನಾವ, ಸದಸ್ಯನೂ ನಾವ. ಬ್ಯಾರೆ ತಾಲೂಕಿನ ಗೆಳೆಯರಿಗೆ ಹೇಳಿದ್ರ ನಂಬಾಂಗಿಲ್ಲ.

ಕರೆಂಟ್ ಬಂದಾಗ ಮನಿ ಆಕಾರನ ಬದಲಾತು. ದೀಪದ ಗೂಡು ಬ್ಯಾಡಾತು, ಹೊಸ ಗೋಡ್ಯಾಗ ಗೂಡನ ಬಿಡಲಿಲ್ಲ. ಮಾಳಿಗ್ಯಾಗಿನ ಬೆಳಕಿಂಡಿ ಮುಚ್ಚಿದ್ರು. ಗಿರಣಿ ಬಂತು, ಬೀಸುಕಲ್ಲು ಪಡಸಾಲಿಯಿಂದ ಹಿತ್ತಲಕ್ಕ ಹೋತು. ಬೋರ್‌ವೆಲ್ ಮೋಟರ್ ಬಂತು, ಓಣಿ ಬಾವಿ ಕಟ್ಟಿ ಖಾಲಿ ಆತು. ಬಾವಿ ಕಟ್ಟಿ ಅಂದ್ರ ಹೆಣ್ಮಕ್ಕಳ ಮಾತಿನ ಜಾಗ. ಕೊಡ ಹೊರೋದು ತಪ್ಪಿತು, ಜೊತೀಗೆ ಕೂಡಿ ನಿಲ್ಲೋದೂ ತಪ್ಪಿತು.

ನಿಮ್ಮ ಮನ್ಯಾಗ ಪಿಂಗಾಣಿ ಬಟ್ಟಲದಂಥಾ ಹಳೇ ಫ್ಯೂಜ್, ಕಟಗಿ ಪಟ್ಟಿಯೊಳಗ ಹಾದ ವೈರು ಇದ್ರ ಬಿಸಾಕೋಕಿಂತ ಮೊದಲ ಒಂದು ಫೋಟೋ ತಗೀರಿ.

8/10: ಸ್ಲ್ಯಾಬಿನ ಮನಿ ಯಾವಾಗ ಬಂತು?

ಹಳೇ ಮನಿ ಪ್ರೀತಿ ಮಾಡೋದು ಸರಳ. 1985ರ ಸ್ಲ್ಯಾಬಿನ ಮನಿ ಯಾರು ಪ್ರೀತಿ ಮಾಡ್ತಾರ? ನಾ ಮಾಡ್ತೀನಿ. ಈ ಫೋಟೋದಾಗಿನ ಸಿಮೆಂಟ್ ಜಾಳಿ ನೋಡ್ರಿ, ಹೂವಿನ ಆಕಾರ. ಮುಂದಿನ ಗ್ರಿಲ್‌ನ್ಯಾಗ ಸೂರ್ಯ ಹುಟ್ಟಾಕ ಹತ್ಯಾನ. ಪ್ಯಾರಾಪೆಟ್ ಮ್ಯಾಲ ಸಿಮೆಂಟಿನ್ಯಾಗ ಇಸವಿ, ದೇವರ ಕೃಪೆ ಅಂತ ಹೆಸರು. ಇದನ್ನ ಯಾವ ಆರ್ಕಿಟೆಕ್ಟೂ ಬರದು ಕೊಟ್ಟದ್ದಲ್ಲ. ಊರ ಗೌಂಡಿ, ಊರ ವೆಲ್ಡರ್ ಕೂಡಿ ಮಾಡಿದ್ದು.

ಯಾಕ 80ರ ದಶಕದಾಗ ಇಂಥಾ ಮನಿ ಎದ್ದವು? ಉತ್ತರ ನಮ್ಮ ಬಿಸಿನೆಸ್ ಎಕನಾಮಿಕ್ಸ್‌ನ್ಯಾಗ ಐತಿ. ಅದಕ್ಕಿಂತ ಮೊದಲು ಸಿಮೆಂಟಿಗೆ ಸರ್ಕಾರದ ಬೆಲೆ ನಿಯಂತ್ರಣ, ಹಂಚಿಕೆ ನಿಯಂತ್ರಣ ಇತ್ತು. ಪರ್ಮಿಟ್ ಬೇಕು, ಸಾಲು ನಿಲ್ಲಬೇಕು, ಇಲ್ಲಾ ಕಾಳಸಂತಿ. 1982ರಲ್ಲಿ ಸರ್ಕಾರ ನಿಯಂತ್ರಣ ಅರ್ಧಮರ್ಧ ಸಡಿಲ ಮಾಡಿತು. ಕಾರ್ಖಾನೆಗಳು ಒಂದು ಪಾಲು ಲೆವಿ ಅಂತ ಸರ್ಕಾರದ ದರಕ್ಕ ಕೊಟ್ಟು, ಉಳಿದದ್ದನ್ನ ಮಾರುಕಟ್ಟೆ ದರಕ್ಕ ಮಾರಬಹುದಾಯಿತು. 1989ರಲ್ಲಿ ನಿಯಂತ್ರಣ ಪೂರ್ತಿ ಹೋಯಿತು. ದರ ಬಿಟ್ಟ ಮ್ಯಾಲ ಹೊಸ ಕಾರ್ಖಾನೆ ಎದ್ದವು, ಸಿಮೆಂಟ್ ಚೀಲ ಸಣ್ಣ ಊರಿನ ಅಂಗಡಿತನಕ ಬಂತು. ದೆಹಲಿಯ ಒಂದು ನೀತಿ ನಮ್ಮ ಓಣಿ ಆಕಾರ ಬದಲಿಸಿತು.

ಕಬ್ಬಿನ ಬಿಲ್ಲು ಬಂದ ವರ್ಷ ಒಂದು ಖೋಲಿ, ಮುಂದಿನ ವರ್ಷ ಇನ್ನೊಂದು. ಮಾಳಿಗಿ ಮ್ಯಾಲ ಕಬ್ಬಿಣದ ಸಳಿ ಹಂಗ ಬಿಟ್ಟಿರ್ತಾರ, ನೋಡೀರಿ? ಅದು ಅರ್ಧಕ್ಕ ನಿಂತ ಕೆಲಸ ಅಲ್ಲ. ಮಗನ ಲಗ್ನಕ್ಕ ಮ್ಯಾಲ ಇನ್ನೊಂದು ಅಂತಸ್ತು ಅನ್ನೋ ಆಸೆ. ಆ ಸಳಿಗೆ ತುಕ್ಕು ಎಷ್ಟ ಹಿಡದೈತಿ ಅಂತ ನೋಡಿದ್ರ ಆ ಆಸೆ ವಯಸ್ಸೂ ಗೊತ್ತಾಗತೈತಿ.

ಆಯಿ ಮಾತು ನೆನಪೈತಿ? ಸ್ಲ್ಯಾಬಿನ ಮನ್ಯಾಗ ಬುಟ್ಟಿ ಇಡೋದಿಲ್ಲ, ಸಗಣಿ ಬಳಿಯೋದಿಲ್ಲ. ಜಂತ್ಯಾಗ ಚೇಳ ಇಲ್ಲ.

9/10: 2019ರ ಆಗಸ್ಟ್

2019ರ ಆಗಸ್ಟ್ ತಿಂಗಳ ನಮ್ಮ ಜಿಲ್ಲಾದವರು ಯಾರೂ ಮರೀಯಾಂಗಿಲ್ಲ. ಘಟಪ್ರಭಾ, ಹಿರಣ್ಯಕೇಶಿ, ಮಾರ್ಕಂಡೇಯ, ಮಲಪ್ರಭಾ, ಕೃಷ್ಣಾ ಎಲ್ಲಾ ತುಂಬಿ ಬಂದವು. ಗೋಕಾಕ ಊರೊಳಗ ನೀರು ಬಂತು, ಸಂಕೇಶ್ವರದ ಹೊಳಿ ದಂಡಿ ಮನಿಗಳಿಗೆ ನೀರು ಹೊಕ್ತು.

ಮಣ್ಣಿನ ಗೋಡಿ ಮ್ಯಾಲಿಂದ ಬೀಳೋ ಮಳಿ ತಡೀತೈತಿ. ಬುಡಕ್ಕ ನೀರು ನಿಂತ್ರ ತಡಿಯಾಂಗಿಲ್ಲ. ಕೆಳಗ ನೆನದು ಮೆತ್ತಗ ಆಗತೈತಿ, ಮ್ಯಾಲ ಮಾಳಿಗಿ ಮಣ್ಣಿನ ಭಾರ. ಗೋಡಿ ಕುಸೀತೈತಿ. ಕಂಬ ತೊಲಿ ಮ್ಯಾಲ ನಿಂತ ಮನಿ ಆದ್ರ ಗೋಡಿ ಬಿದ್ರೂ ಮಾಳಿಗಿ ನಿಂತಿರಬಹುದು. ಬರೇ ಗೋಡಿ ಮ್ಯಾಲ ನಿಂತದ್ದು ಒಮ್ಮೆಲೆ ಬೀಳತೈತಿ. ಪೂರ್ತಿ ಬಿದ್ದ ಮನಿಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಆ ದುಡ್ಡಿನ್ಯಾಗ ಎದ್ದದ್ದು ಸಿಮೆಂಟಿನ ಮನಿ. ಮಣ್ಣಿನ ಮನಿ ಮತ್ತ ಕಟ್ರಿ ಅಂತ ಅವರಿಗೆ ಹೇಳಾಕ ನನಗ ಬಾಯಿ ಬರಾಂಗಿಲ್ಲ. ರಾತ್ರಿ ಮಕ್ಕಳನ್ನ ಎತ್ಕೊಂಡು ಓಡಿದವರಿಗೆ ಗೋಡಿ ತಂಪಿನ ಪಾಠ ಯಾಕ?

ಹೊಳಿ ದಂಡಿ ಹಳ್ಳ್ಯಾಗ ನಮ್ಮ ಅತ್ತಿ ಮನಿ ಇತ್ತು. ಪೂರ್ತಿ ಹೋತು. ಆಮೇಲೆ ಎಲ್ಲಾರೂ ಕೂಡಿ ಆ ಮನಿ ಫೋಟೋ ಹುಡಕಿದ್ರು. ಎಷ್ಟ ವರ್ಷ ಬದುಕಿದ ಮನಿ, ಒಂದೂ ಫೋಟೋ ಇಲ್ಲ. ಕೊನೀಗೆ ಒಂದು ಲಗ್ನದ ಅಲ್ಬಮ್‌ದಾಗ ಸಿಕ್ತು. ಅರಿಷಿಣ ಹಚ್ಚೋ ಫೋಟೋ. ಮುಂದ ಹನ್ನೊಂದು ಮಂದಿ ನಗಾಕತ್ಯಾರ, ಹಿಂದ ಅರ್ಧ ಬಾಗಲಾ ಕಾಣತೈತಿ. ಚೌಕಟ್ಟಿಗೆ ಹಸರು ಬಣ್ಣ, ಮ್ಯಾಲ ಒಣಗಿದ ತೋರಣ. ಅತ್ತಿ ಆ ಹನ್ನೊಂದು ಮಂದಿ ಬಿಟ್ಟು ಬಾಗಲಾನ ನೋಡಿಕೋತ ಕುಂತಳು.

ಈ ಪೋಸ್ಟಿನ ಫೋಟೋ ಅದ. ಅತ್ತಿನ್ನ ಕೇಳಿ, ಮಂದಿ ಮುಖ ಎಲ್ಲಾ ಬಿಟ್ಟು, ಬಾಗಲಾ ಅಷ್ಟ ಕ್ರಾಪ್ ಮಾಡಿ ಹಾಕೀನಿ. ನಿಮ್ಮ ಮನಿ ಅಲ್ಬಮ್ ತಗದು ನೋಡ್ರಿ. ಮಂದಿ ಹಿಂದ ಏನೈತಿ ನೋಡ್ರಿ. ನಮ್ಮೂರ ಮನಿಗಳ ದೊಡ್ಡ ಸಂಗ್ರಹ ಯಾವ ಮ್ಯೂಸಿಯಂದಾಗೂ ಇಲ್ಲ, ಟ್ರಂಕಿನ್ಯಾಗ ಐತಿ.

10/10: ಸವಕಳಿ ಲೆಕ್ಕ

ಕೊನೀ ಕ್ಯಾಪ್ಷನ್, ಕ್ಲಾಸ್‌ಮೇಟ್ಸ್‌ಗೆ ಸ್ಪೆಷಲ್. ಡೆಪ್ರಿಸಿಯೇಷನ್ ಲೆಕ್ಕ ನೆನಪೈತಿ? ವಸತಿ ಕಟ್ಟಡಕ್ಕ ಆದಾಯ ತೆರಿಗೆ ಲೆಕ್ಕದಾಗ ಶೇ. 5, ಇಳಿಕೆ ಮೌಲ್ಯದ ಪದ್ಧತಿ. 1,00,000 ರೂಪಾಯಿ ಕಟ್ಟಡ ಅಂತ ಇಟ್ಕೊಳ್ರಿ. 50 ವರ್ಷಕ್ಕ ಪುಸ್ತಕದಾಗ ಉಳಿಯೋದು ಸುಮಾರು 7,700. 100 ವರ್ಷಕ್ಕ ಸುಮಾರು 590. ಜಾಗಕ್ಕ ಸವಕಳಿ ಇಲ್ಲ. ಅದಕ್ಕ ಪಾಲು ಮಾಡೋವಾಗ ಎಲ್ಲಾರೂ ಜಾಗದ ಚದರ ಅಡಿ ಮಾತಾಡ್ತಾರ, ಮನಿ ಮಾತ ಬರಾಂಗಿಲ್ಲ. ನಮ್ಮ ಮನ್ಯಾಗೂ ಹಂಗ ಆತು. ಲೆಕ್ಕ ತಪ್ಪಿಲ್ಲ.

ಆದ್ರ ಈ ಪದ್ಧತಿಯೊಳಗ ಒಂದು ಮಜಾ ಐತಿ. ಉಳಿದದ್ದರ ಮ್ಯಾಲನ ಶೇ. 5 ಕಳೀತೀವಿ, ಹಂಗಾಗಿ ಎಷ್ಟ ವರ್ಷ ಹೋದ್ರೂ ಸೊನ್ನೆ ಆಗಾಂಗಿಲ್ಲ. ಏನರ ಒಂದು ಉಳದ ಇರ್ತೈತಿ. ಆ ಉಳಿದದ್ದನ್ನ ಬರದು ಇಡೋದು ನನ್ನ ಕೆಲಸ ಅಂತ ಮಾಡೀನಿ. ಮನಿ ಉಳಸ್ರಿ ಅಂತ ಅಪ್ಪಗ ನಾ ಕೇಳಿಲ್ಲ. ಆಯಿಗೆ ಗ್ಯಾಸ್ ಕಟ್ಟಿ ಬೇಕು, ಒಳಗ ಸಂಡಾಸ ಬೇಕು, ಮೊಣಕಾಲ ನೋವಿಗೆ ಎತ್ತರದ ಹೊಸ್ತಲ ಇರಬಾರದು. ನಾ ಕೇಳಿದ್ದು ಒಂದ: ಯುಗಾದಿತನಕ ಟೈಮು. ಕೊಟ್ಟಾರ.

ಮಾಡೋದು ಹಿಂಗ. ಒಂದು, ಮನಿ ಎದುರು ನೆಟ್ಟಗ ನಿಂತು ಒಂದು ಫೋಟೋ, ಫಿಲ್ಟರ್ ಬ್ಯಾಡ. ಎರಡು, ಓಣಿ ಎರಡೂ ಕಡೆಯಿಂದ ಒಂದೊಂದು, ಮಗ್ಗಲ ಮನಿ ಕಾಣಬೇಕು. ಮೂರು, ಬಾಗಲಾ, ಅಗಳಿ, ಕಂಬದ ಬುಡ, ಜಂತಿ, ಹಂಚಿನ ಬೆನ್ನು. ಪಕ್ಕದಾಗ ಒಂದು ಸ್ಕೇಲ್ ಇಡ್ರಿ, ಅಳತಿ ತಿಳೀಲಿ. ನಾಕು, ಫೈಲ್ ಹೆಸರಿನ್ಯಾಗ ತಾರೀಖು, ಓಣಿ ಹೆಸರು. ಐದು, ಹಿರ್ಯಾರನ್ನ ಕೂಡಿಸಿ ಒಂದೊಂದು ಭಾಗಕ್ಕ ಏನಂತಾರ ಕೇಳಿ ರೆಕಾರ್ಡ್ ಮಾಡ್ರಿ. ‘ಗ್ವಾದ್ಲಿ’, ‘ಹಗೇವು’, ‘ಬೆಳಕಿಂಡಿ’ ಅನ್ನೋ ಶಬ್ದ ಆ ಸಾಮಾನಿನ ಜೊತಿಗೇನ ಹೋಗ್ತಾವ. ಆರು, ಇನ್ನೊಂದು ಕಡೆ ಕಾಪಿ ಇಡ್ರಿ, ಫೋನ್ ನೀರಿಗೆ ಬೀಳತೈತಿ.

ರಸ್ತೆಯಿಂದ ಕಟ್ಟಡದ ಫೋಟೋ ತಗಿಯಾಕ ಕಾಪಿರೈಟ್ ಅಡ್ಡಿ ಇಲ್ಲ, 1957ರ ಕಾಯ್ದೆಯ 52ನೇ ಕಲಂನಾಗ ಅದಕ್ಕ ಅವಕಾಶ ಐತಿ. ಆದ್ರ ಕಾಯ್ದೆಕ್ಕಿಂತ ದೊಡ್ಡದು ಮರ್ಯಾದಿ. ಕೇಳಿ ತಗೀರಿ. ಹೆಣ್ಮಕ್ಕಳು ಅಂಗಳದಾಗ ಇದ್ರ ಕಾಯ್ರಿ. ಬ್ಯಾಡ ಅಂದ್ರ ಫೋನ್ ಕಿಸೇದಾಗ ಇಡ್ರಿ. ತಗದದ್ದನ್ನ ಒಂದು ಪ್ರಿಂಟ್ ಹಾಕಿಸಿ ಅವರಿಗೆ ಕೊಡ್ರಿ. ಓಣ್ಯಾಗ ಮುಂದಿನ ಬಾಗಲಾ ತಾನ ತೆರೀತೈತಿ.

ಸಂಕೇಶ್ವರ, ಯಮಕನಮರಡಿ, ಗೋಕಾಕ, ಮೂಡಲಗಿ ದೋಸ್ತರ, ನಿಮ್ಮ ಓಣಿದು ಐದು ಫೋಟೋ ಮಳಿಗಾಲಕ್ಕ ಮೊದಲ ತಗೀರಿ. ಗುಮ್ಮಟ, ಕೋಟಿ, ಫಾಲ್ಸ್ ಬ್ಯಾಡ. ಅವು ಬರೋ ವರ್ಷನೂ ಇರ್ತಾವ.

#ಹುಕ್ಕೇರಿ #ನಮ್ಮಕೇರಿ #ಓಣಿಫೋಟೋ #ಬೆಳಗಾವಿ #ಮಣ್ಣಿನಮನಿ